ಬಸ್ಸಿಗೆ ಬ್ರೇಕ್ ಬಿದ್ದಾಗ ನಮ್ಮನ್ನು ಮುಂದೆ ದೂಡುವುದು ಯಾರು?

[ತೆರೆಯ ಮೇಲೆ: ರಾಷ್ಟ್ರೀಯ ಹೆದ್ದಾರಿ 66. ಉಡುಪಿ ಕಡೆ ಓಡುವ ಬಸ್ಸಿನ ಮುಂದಿನ ಗಾಜಿನಿಂದ ಕಾಣುವ ರಸ್ತೆ.]

ನಮಸ್ಕಾರ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಉಡುಪಿ ಬಸ್ ಈಗ ಪಡುಬಿದ್ರಿ ದಾಟಿದೆ. ನೇರ, ಮಟ್ಟಸ ರಸ್ತೆ ಸಿಕ್ಕಿದೆ. ಸ್ಪೀಡೋಮೀಟರಿನ ಮುಳ್ಳು 72ರಲ್ಲಿ ನಿಂತಿದೆ, ಆಚೀಚೆ ಅಲ್ಲಾಡುವುದಿಲ್ಲ. ಈಗ ಈ ಬಸ್ಸಿನ ಮೇಲೆ ಬೀಳ್ತಾ ಇರುವ ನಿವ್ವಳ ಬಲ ಎಷ್ಟು?

ಸೊನ್ನೆ.

ಒಂಬತ್ತನೇ ಕ್ಲಾಸಿನಲ್ಲಿ ಇದನ್ನು ಹೇಳಿದ ಕೂಡಲೇ ಮಕ್ಕಳು ಕೇಳುವ ಪ್ರಶ್ನೆ ಒಂದೇ. ಬಲ ಸೊನ್ನೆ ಆದ್ರೆ ಇಂಜಿನ್ ಯಾಕೆ ಬೇಕು? ಡೀಸೆಲ್ ಯಾಕೆ ಉರಿಸ್ಬೇಕು? ಬಹಳ ಒಳ್ಳೆಯ ಪ್ರಶ್ನೆ ಇದು. ಇದಕ್ಕೆ ಸರಿಯಾದ ಉತ್ತರ ಸಿಗದೆ "ನಿಯಮ ಹಾಗೆ ಉಂಟು, ಬಾಯಿಪಾಠ ಮಾಡು" ಅಂತ ಮುಂದೆ ಹೋದವರಿಗೆ ಇಡೀ ಅಧ್ಯಾಯವೇ ಕೈತಪ್ಪಿ ಹೋಗ್ತದೆ. ಹಾಗಾಗಿ ಇವತ್ತು ಬಸ್ಸಿನಿಂದ ಇಳಿಯದೆಯೇ ನಿವ್ವಳ ಬಲ, ಸಮತೋಲನ, ಜಡತ್ವ ಮೂರನ್ನೂ ನೋಡುವ. ನಿಂತುಕೊಂಡು ಪ್ರಯಾಣ ಮಾಡುವವರು ಎಲ್ಲಿ ಹಿಡ್ಕೊಳ್ಳಬೇಕು ಅನ್ನುವ ಲೆಕ್ಕವೂ ಉಂಟು. ನನ್ನ ಪ್ರಕಾರ ಈ ವಿಡಿಯೋದ ಅತಿ ಚಂದದ ಭಾಗ ಅದೇ.

ಮೂಲ ವಿಷಯ ಬೇಗ ಮುಗಿಸ್ತೇನೆ. ಒಂದು ವಸ್ತುವಿನ ಮೇಲೆ ಬೀಳುವ ಎಲ್ಲ ಬಲಗಳನ್ನು ದಿಕ್ಕು ನೋಡಿ ಕೂಡಿಸಿ ಕಳೆದ ಮೇಲೆ ಉಳಿಯುವುದು ನಿವ್ವಳ ಬಲ. ಏನೂ ಉಳಿಯದಿದ್ದರೆ, ತಿರುಗಿಸುವ ಪರಿಣಾಮವೂ ಉಳಿಯದಿದ್ದರೆ, ಅದು ಸಮತೋಲನ. ಏನಾದರೂ ಉಳಿದರೆ ವೇಗ ಬದಲಾಗ್ತದೆ: ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದಷ್ಟು ವೇಗೋತ್ಕರ್ಷ. ಬದಲಾವಣೆಗೆ ವಸ್ತು ಒಡ್ಡುವ ಪ್ರತಿರೋಧ ಜಡತ್ವ, ಅದನ್ನು ಅಳೆಯುವುದು ಕಿಲೋಗ್ರಾಂನಲ್ಲಿ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಗೆಲಿಲಿಯೊ ಹಿಡಿದ ಎಳೆಯನ್ನು ನ್ಯೂಟನ್ 1687ರಲ್ಲಿ ನಿಯಮವಾಗಿ ಬರೆದ. ಬಲ ಇರುವುದು ಚಲಿಸಲಿಕ್ಕೆ ಅಲ್ಲ, ಚಲನೆ ಬದಲಾಯಿಸಲಿಕ್ಕೆ. ಈ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ, ಸಾಕು.

ಈಗ ಡೀಸೆಲಿನ ಲೆಕ್ಕ.

[ತೆರೆಯ ಮೇಲೆ: ಬಸ್ಸಿನ ಚಿತ್ರ. ಹಿಂದಕ್ಕೆ ಎರಡು ಬಾಣ, ಮುಂದಕ್ಕೆ ಒಂದು ಬಾಣ.]

ಜನ ತುಂಬಿದ ಬಸ್ಸಿನ ದ್ರವ್ಯರಾಶಿ 12,000 ಕೆ.ಜಿ. ಅಂತ ಹಿಡಿಯುವ. ಗಂಟೆಗೆ 72 ಕಿ.ಮೀ. ಅಂದ್ರೆ ಸೆಕೆಂಡಿಗೆ 20 ಮೀಟರ್. ಟಯರು ಉರುಳುವಾಗ ಪ್ರತಿ ಕ್ಷಣ ಚಪ್ಪಟೆಯಾಗಿ ಮತ್ತೆ ದುಂಡಗಾಗ್ತದೆ. ಅದಕ್ಕೆ ಹೋಗುವ ಬಲ ಒಳ್ಳೆಯ ರಸ್ತೆಯಲ್ಲಿ ತೂಕದ ಶೇಕಡಾ 0.8ರ ಆಸುಪಾಸು, ಅಂದ್ರೆ ಸುಮಾರು 960 ನ್ಯೂಟನ್. ಬಸ್ಸಿನ ಚಪ್ಪಟೆ ಮುಖಕ್ಕೆ ಗಾಳಿ ಒಡ್ಡುವ ತಡೆ ಈ ವೇಗದಲ್ಲಿ ಸುಮಾರು 1,100 ನ್ಯೂಟನ್. ಎರಡೂ ಸೇರಿ ಹಿಂದಕ್ಕೆ 2,060. ಇಂಜಿನಿನ ತಿರುಗುಬಲದಿಂದ ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಬಸ್ಸನ್ನು ಮುಂದಕ್ಕೆ ದೂಡ್ತದೆ, ಅದೂ 2,060. ಕಳೆದರೆ ಸೊನ್ನೆ. ಇಂಜಿನ್ ವೇಗವನ್ನು ಕೊಡ್ತಾ ಇಲ್ಲ, ಸೋರಿ ಹೋಗುವುದನ್ನು ತುಂಬಿಸ್ತಾ ಇದೆ. ತಳ ತೂತಾದ ಕೊಡಪಾನಕ್ಕೆ ಸೋರಿದಷ್ಟೇ ನೀರು ಹೊಯ್ಯುತ್ತಾ ಇದ್ರೆ ಮಟ್ಟ ಅಲ್ಲಿಗೇ ನಿಲ್ತದಲ್ಲ, ಹಾಗೆ.

2,060 ನ್ಯೂಟನ್, ಸೆಕೆಂಡಿಗೆ 20 ಮೀಟರ್. ಗುಣಿಸಿದರೆ 41 ಕಿಲೋವಾಟ್, ಸುಮಾರು 55 ಹಾರ್ಸ್‌ಪವರ್. ಅಷ್ಟೇ ಸಾಕು! ಅದೇ ಬಸ್ ಗಂಟೆಗೆ 90ರಲ್ಲಿ ಓಡಿದರೆ? ಗಾಳಿಯ ತಡೆ ವೇಗದ ವರ್ಗದ ಹಾಗೆ ಏರ್ತದೆ, 1,720 ನ್ಯೂಟನ್ ಆಗ್ತದೆ. ಟಯರಿನದ್ದು ಸೇರಿಸಿ 2,680. ವೇಗ ಹೆಚ್ಚಿದ್ದು ಶೇಕಡಾ 25, ಬೇಕಾಗುವ ಕಿಲೋವಾಟ್ ಹೆಚ್ಚಿದ್ದು ಶೇಕಡಾ 60ಕ್ಕಿಂತ ಮೇಲೆ. ಆಗಲೂ ನಿವ್ವಳ ಬಲ ಸೊನ್ನೆಯೇ. ಟೈಮಿಂಗಿಗಾಗಿ ಬಸ್ಸುಗಳು ಓಡುವ ಓಟದಲ್ಲಿ ಡೀಸೆಲ್ ಎಲ್ಲಿ ಹೋಗ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಡ.

ಇನ್ನು ಡ್ರೈವರ್ ಕ್ಲಚ್ ಒತ್ತಿದ ಅಂತ ಇಟ್ಟುಕೊಳ್ಳಿ. ಮುಂದಿನ ಬಾಣ ಮಾಯ, ಹಿಂದಕ್ಕೆ 2,060 ಮಾತ್ರ ಉಳಿಯಿತು. ಅದನ್ನು 12,000ದಿಂದ ಭಾಗಿಸಿ: 0.17. ಒಂದು ಸೆಕೆಂಡಿನಲ್ಲಿ ಬಸ್ ಕಳ್ಕೊಳ್ಳುವ ವೇಗ ಗಂಟೆಗೆ 0.6 ಕಿ.ಮೀ. ಮಾತ್ರ. ಒಳಗೆ ಕೂತವರಿಗೆ ಗೊತ್ತೂ ಆಗುವುದಿಲ್ಲ. 12 ಟನ್ನಿನ ಜಡತ್ವ ಅಂದ್ರೆ ಇದು. ಅದೇ ಜಡತ್ವ ಸ್ಟಾಪಿನಿಂದ ಹೊರಡುವಾಗಲೂ ಎದುರು ನಿಲ್ತದೆ. ಪ್ರತಿ ಸೆಕೆಂಡಿನಲ್ಲೂ ವೇಗ ಸೆಕೆಂಡಿಗೆ 1 ಮೀಟರಿನಷ್ಟು ಏರ್ಬೇಕಾದ್ರೆ 12,000 ನ್ಯೂಟನ್ ನಿವ್ವಳ ಬಲ ಬೇಕು, ಓಡುವಾಗ ಬೇಕಾದದ್ದರ ಹೆಚ್ಚುಕಡಿಮೆ ಆರು ಪಟ್ಟು. ಕೆಳಗಿನ ಗೇರುಗಳು ಇರುವುದೇ ಅದಕ್ಕೆ.

ಈಗ ಬಸ್ಸಿನೊಳಗೆ ಬನ್ನಿ. ಸೀಟು ಸಿಗದೆ ನಿಂತವರ ಹತ್ತಿರ.

[ತೆರೆಯ ಮೇಲೆ: ನಿಂತ ವ್ಯಕ್ತಿಯ ರೇಖಾಚಿತ್ರ. ಬಾಣಗಳು ಒಂದೊಂದಾಗಿ ಬರುತ್ತವೆ.]

60 ಕೆ.ಜಿ.ಯ ಒಬ್ಬರು ನಿಂತಿದ್ದಾರೆ. ಗುರುತ್ವವನ್ನು 10 ಅಂತ ಹಿಡಿದರೆ ಭೂಮಿ ಕೆಳಕ್ಕೆ 600 ನ್ಯೂಟನ್ ಎಳೀತದೆ, ಬಸ್ಸಿನ ನೆಲ ಮೇಲಕ್ಕೆ 600 ಒತ್ತುತ್ತದೆ. ಬಸ್ 72ರಲ್ಲಿ ಸಮನಾಗಿ ಓಡುವಷ್ಟು ಹೊತ್ತು ಹಿಂದೆ ಮುಂದೆ ಯಾವ ಬಲವೂ ಬೇಡ. ಕೈ ಬಿಟ್ಟು ನಿಲ್ಲಬಹುದು.

ಅಷ್ಟರಲ್ಲಿ ದನ ಅಡ್ಡ ಬಂತು, ಬ್ರೇಕ್! ಪ್ರತಿ ಸೆಕೆಂಡಿನಲ್ಲೂ ವೇಗ ಸೆಕೆಂಡಿಗೆ 4 ಮೀಟರಿನಷ್ಟು ಇಳೀತದೆ. ಐದು ಸೆಕೆಂಡು, 50 ಮೀಟರು, ಬಸ್ ನಿಂತಿತು. ಎಲ್ಲರೂ ಹೇಳುವುದು "ಮುಂದೆ ಎಸೆದ ಹಾಗೆ ಆಯ್ತು" ಅಂತ. ಎಸೆದವರು ಯಾರು? ಯಾರೂ ಇಲ್ಲ. ಮುಂದಿನ ದಿಕ್ಕಿನಲ್ಲಿ ನಿಮ್ಮ ಮೇಲೆ ಒಂದೇ ಒಂದು ನ್ಯೂಟನ್ ಬಲವೂ ಬಿದ್ದಿಲ್ಲ. ಬಿದ್ದದ್ದು ಹಿಂದಕ್ಕೆ, ಅದೂ ಪಾದಕ್ಕೆ. ನೆಲದ ಘರ್ಷಣೆ ಪಾದವನ್ನು ಬಸ್ಸಿನ ಜೊತೆ ನಿಧಾನ ಮಾಡಿತು. ಎದೆ, ತಲೆ, ಹೆಗಲಿನ ಬ್ಯಾಗು ಇವಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಅವು ಹಳೆಯ 72ರಲ್ಲೇ ಹೋಗ್ತಾ ಇವೆ. ರಸ್ತೆ ಬದಿಯ ಗೂಡಂಗಡಿಯಲ್ಲಿ ನಿಂತು ನೋಡಿದವರಿಗೆ ಇದು ಸರಿಯಾಗಿ ಕಾಣ್ತದೆ: ನೀವು ಮುಂದೆ ಹಾರಿದ್ದಲ್ಲ, ಬಸ್ ನಿಮ್ಮ ಅಡಿಯಿಂದ ಹಿಂದೆ ಉಳಿದದ್ದು. ಜಡತ್ವವನ್ನು ಬಾಣ ಹಾಕಿ "ಜಡತ್ವದ ಬಲ" ಅಂತ ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗ್ತದೆ, ಹೋಗಬೇಕಾದದ್ದೇ.

ಈಗ ನಾನು ಹೇಳಿದ ಆ ಲೆಕ್ಕ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವ.

ಬಸ್ಸಿನ ಜೊತೆ ನೀವೂ ನಿಧಾನ ಆಗ್ಬೇಕಾದ್ರೆ ಹಿಂದಕ್ಕೆ 60 × 4 = 240 ನ್ಯೂಟನ್ ಬೇಕು. ಅಷ್ಟನ್ನೂ ಪಾದವೇ ಕೊಟ್ಟರೆ ನಿಮ್ಮ ದೇಹ ಕಾಲಬೆರಳಿನ ತುದಿಯಲ್ಲಿ ಮುಂದಕ್ಕೆ ಮಗುಚ್ತದೆ, ಯಾಕಂದ್ರೆ ಗುರುತ್ವಕೇಂದ್ರ ಇರುವುದು ಸುಮಾರು 1 ಮೀಟರ್ ಎತ್ತರದಲ್ಲಿ, ಸೊಂಟದ ಹತ್ತಿರ. ಮಗುಚುವ ಪರಿಣಾಮ 240 ನ್ಯೂಟನ್ ಮೀಟರ್. ತಡೆಯುವುದು ನಿಮ್ಮದೇ ತೂಕ. ಆದರೆ ಮುಂದೆ ನೋಡಿ ನಿಂತಾಗ ಬೆರಳ ತುದಿ ಗುರುತ್ವಕೇಂದ್ರಕ್ಕಿಂತ ಬರೇ 12 ಸೆಂ.ಮೀ. ಮುಂದೆ ಇರ್ತದೆ, ಹಾಗಾಗಿ ಸಿಗುವುದು 600 × 0.12 = 72. ಬಾಕಿ 168 ಉಳೀತು. ಅದು ಕೈಯಿಂದ ಬರ್ಬೇಕು.

[ತೆರೆಯ ಮೇಲೆ: ಒಂದೇ ವ್ಯಕ್ತಿ, ಎರಡು ಚಿತ್ರ. ಒಂದರಲ್ಲಿ ಸೀಟಿನ ಹಿಡಿ, ಇನ್ನೊಂದರಲ್ಲಿ ತಲೆ ಮೇಲಿನ ರಾಡ್.]

ಸೀಟಿನ ಮೂಲೆಯ ಹಿಡಿ 1 ಮೀಟರ್ ಎತ್ತರದಲ್ಲಿ ಉಂಟು. ಅದನ್ನು ಹಿಡಿದರೆ ಕೈಗೆ ಬೀಳುವುದು 168 ನ್ಯೂಟನ್, ಸುಮಾರು 17 ಕೆ.ಜಿ. ಎತ್ತಿದಷ್ಟು. ತಲೆ ಮೇಲಿನ ರಾಡ್ 1.8 ಮೀಟರಿನಲ್ಲಿ ಉಂಟು. ಅಲ್ಲಿ ಹಿಡಿದರೆ 168ನ್ನು 1.8ರಿಂದ ಭಾಗಿಸಿ: 93 ನ್ಯೂಟನ್, ಒಂಬತ್ತು ಕೆ.ಜಿ. ಚಿಲ್ಲರೆ. ಅದೇ ಬಸ್, ಅದೇ ಬ್ರೇಕ್, ಕೈಯ ಕೆಲಸ ಹೆಚ್ಚುಕಡಿಮೆ ಅರ್ಧ! ಮೇಲಿನ ರಾಡ್ ಬರೇ ಜಾಗ ಉಳಿಸಲಿಕ್ಕೆ ಹಾಕಿದ್ದಲ್ಲ.

ಆದರೆ ಮಳೆಗಾಲದಲ್ಲಿ ಈ ಲೆಕ್ಕ ತಿರುಗಿ ಬೀಳ್ತದೆ. ಒಟ್ಟು 240 ಬೇಕಿತ್ತಲ್ಲ? ಮೇಲಿನ ರಾಡ್ ಹಿಡಿದ ಕೈ 93 ಕೊಟ್ಟಿತು, ಬಾಕಿ 147 ಪಾದದ ಘರ್ಷಣೆಯಿಂದ ಬರ್ಬೇಕು. ಅದು ನಿಮ್ಮ ತೂಕದ ನಾಲ್ಕನೇ ಒಂದು ಭಾಗ. ಒಣಗಿದ ನೆಲ ಆದ್ರೆ ಚಿಂತೆ ಇಲ್ಲ. ಜುಲೈ ತಿಂಗಳಲ್ಲಿ ಎಲ್ಲರ ಕೊಡೆಯ ನೀರು ಇಳಿದು, ಸವೆದ ನೆಲದ ಮೇಲೆ ಸವೆದ ಹವಾಯಿ ಚಪ್ಪಲಿ ಇದ್ದರೆ ಅಷ್ಟು ಹಿಡಿತ ಸಿಗದೆ ಹೋಗಬಹುದು. ಆಗ ಕಾಲು ಜಾರಿ ಮುಂದೆ ಹೋಗ್ತದೆ, ನೀವು ರಾಡಿಗೆ ನೇತಾಡ್ತೀರಿ. ಕೆಳಗಿನ ಹಿಡಿ ಹಿಡಿದಿದ್ದರೆ ಪಾದಕ್ಕೆ ಉಳಿಯುವುದು 72 ನ್ಯೂಟನ್ ಮಾತ್ರ, ತೂಕದ ಎಂಟನೇ ಒಂದು ಭಾಗ. ಕೈಗೆ ಕಷ್ಟ, ಕಾಲಿಗೆ ಸುರಕ್ಷಿತ. ಅದಕ್ಕೆ ಒದ್ದೆ ಬಸ್ಸಿನಲ್ಲಿ ಬಾಗಿಲ ಹತ್ತಿರದ ನೇರ ಕಂಬವನ್ನು ಎದೆ ಮಟ್ಟದಲ್ಲಿ ಹಿಡಿಯುವುದು ಒಳ್ಳೆಯದು. ಇದು ದೇಹ ಬಗ್ಗುವುದೇ ಇಲ್ಲ, ಕೈ ಅಡ್ಡಕ್ಕೆ ಮಾತ್ರ ಎಳೀತದೆ ಅಂತ ಹಿಡಿದ ಲೆಕ್ಕ. ನಿಜದಲ್ಲಿ ಸೊಂಟ ಬಗ್ಗುತ್ತದೆ, ಸಂಖ್ಯೆ ಸ್ವಲ್ಪ ಆಚೀಚೆ ಆಗ್ತದೆ, ಯಾವುದು ಹೆಚ್ಚು ಯಾವುದು ಕಡಿಮೆ ಅನ್ನುವುದು ಬದಲಾಗುವುದಿಲ್ಲ.

ಹಾಗಾದ್ರೆ ಕಂಡಕ್ಟರ್? ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದರಲ್ಲಿ ಚಿಲ್ಲರೆ, ಬಾಯಲ್ಲಿ ವಿಷಲ್. ಹಿಡ್ಕೊಳ್ಳಲಿಕ್ಕೆ ಮೂರನೇ ಕೈ ಇಲ್ಲ. ಅವರ ಕಾಲನ್ನು ಗಮನಿಸಿ. ಮುಂದೆ ನೋಡಿ ನಿಲ್ಲುವುದೇ ಇಲ್ಲ, ಕಿಟಕಿ ಕಡೆ ಮುಖ ಮಾಡಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ನಿಲ್ತಾರೆ. ಎರಡು ಪಾದದ ನಡುವೆ ಅರ್ಧ ಮೀಟರ್. ತೂಕ ನಡುವಿನಲ್ಲಿದ್ದರೆ ಮುಂದಿನ ಪಾದ 25 ಸೆಂ.ಮೀ. ದೂರ ಆಯ್ತು. ಆಗಿನ 72ನ್ನು 60ರಿಂದ ಭಾಗಿಸಿದರೆ 1.2. ಕೈ ಬಿಟ್ಟು ನಿಂತ ನಿಮಗೆ ಅಷ್ಟು ಬ್ರೇಕಿಗೇ ತಪ್ಪುವ ಆಯ ಅವರಿಗೆ 2.5ರವರೆಗೆ ತಪ್ಪುವುದಿಲ್ಲ. ಮುಂದೆ ಸ್ಟಾಪ್ ಕಂಡ ಕೂಡಲೇ ತೂಕವನ್ನು ಹಿಂದಿನ ಕಾಲಿಗೆ ತರ್ತಾರೆ. ಈಗ ಮುಂದಿನ ಪಾದ 40 ಸೆಂ.ಮೀ. ದೂರ, ಅದೇ ಲೆಕ್ಕ ಹಾಕಿದರೆ ಸರಿಯಾಗಿ 4, ನಮ್ಮ ದೊಡ್ಡ ಬ್ರೇಕಿನಷ್ಟೇ! ಅದರ ಮೇಲೆ ಸೊಂಟವನ್ನು ಸೀಟಿನ ಬದಿಗೆ ಒತ್ತಿಟ್ಟರೆ ಕೈಯ ಅಗತ್ಯವೇ ಬೀಳುವುದಿಲ್ಲ. "ರೈಟ್, ಪೋಯಿ" ಅಂದ ಮೇಲೆ ಬಸ್ ಹೊರಡುವ ಎಳೆತಕ್ಕೂ ಇದೇ ನಿಲುವು, ತೂಕ ಮಾತ್ರ ಮುಂದಿನ ಕಾಲಿಗೆ. ಸಮತೋಲನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಯಾವ ಲ್ಯಾಬಿನಲ್ಲೂ ಇಲ್ಲ, ಮಕ್ಕಳಿಗೆ ಖಂಡಿತ ತೋರಿಸಿ.

ಇನ್ನೊಂದು ಸಣ್ಣದು. ಬಸ್ ಪೂರ್ತಿ ನಿಂತ ಕ್ಷಣ ಹಿಂದಕ್ಕೆ ಒಂದು ಜಗ್ಗು ಬರ್ತದಲ್ಲ? ನಿಮ್ಮ ಕೈ 93 ನ್ಯೂಟನ್ ಎಳೀತಾ ಇತ್ತು. ಬಸ್ ನಿಂತ ಕೂಡಲೇ ಆ ಬಲದ ಅಗತ್ಯ ತಪ್ಪಿತು, ಆದರೆ ಸ್ನಾಯು ಅಷ್ಟು ಬೇಗ ಬಿಡುವುದಿಲ್ಲ. ನಿಮ್ಮನ್ನು ಹಿಂದೆ ತಳ್ಳಿದ್ದು ನಿಮ್ಮದೇ ಕೈ. ಅನುಭವ ಇರುವ ಡ್ರೈವರ್ ನಿಲ್ಲುವ ಮೊದಲು ಬ್ರೇಕನ್ನು ಸ್ವಲ್ಪ ಸಡಿಲ ಮಾಡುವುದು ಇದಕ್ಕೇ.

ಸಮಯ ಕಡಿಮೆ ಉಂಟು, ಉಳಿದದ್ದನ್ನು ಒಟ್ಟಿಗೆ ಹೇಳ್ತೇನೆ. ತಿರುವು: ವೇಗ ಅಷ್ಟೇ ಇದ್ದರೂ ದಿಕ್ಕು ಬದಲಾಗ್ತದೆ, ಹಾಗಾಗಿ ನಿವ್ವಳ ಬಲ ಸೊನ್ನೆ ಅಲ್ಲ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 36ರಲ್ಲಿ ಹೋದ್ರೆ 2 ಮೀಟರಿನ ವೇಗೋತ್ಕರ್ಷ, ತಿರುವಿನ ಒಳಕ್ಕೆ. ಸಾಮಾನು: ಮೇಲಿನ ಕ್ಯಾರಿಯರಿನಲ್ಲಿ 10 ಕೆ.ಜಿ. ಚೀಲಕ್ಕೆ ಆ ದೊಡ್ಡ ಬ್ರೇಕಿನಲ್ಲಿ 40 ನ್ಯೂಟನ್ ಬೇಕು. ನುಣ್ಣಗಿನ ಸ್ಟೀಲ್ ಸರಳು 20 ಕೊಟ್ಟರೆ ಹೆಚ್ಚು, ಚೀಲ ಜಾರಿಯೇ ಜಾರ್ತದೆ. ಅದರ ಮುಂದೆ ತಡೆಯಾಗಿ ಏನಾದರೂ ಇರಲಿ. ಬಲೂನು: ಕಿಟಕಿ ಮುಚ್ಚಿದ ಎಸಿ ಬಸ್ಸಿನಲ್ಲಿ ಹೀಲಿಯಂ ಬಲೂನು ದಾರದಲ್ಲಿ ನಿಂತಿದ್ದರೆ, ಬ್ರೇಕ್ ಬಿದ್ದಾಗ ಅದು ಹಿಂದಕ್ಕೆ ಹೋಗ್ತದೆ! ಭಾರದ ಗಾಳಿ ಮುಂದೆ ಒತ್ತಿಕೊಳ್ತದೆ, ಮುಂಭಾಗದ ಒತ್ತಡ ಹೆಚ್ಚಾಗ್ತದೆ, ಹಗುರ ಬಲೂನನ್ನು ಅದು ಹಿಂದೆ ತಳ್ತದೆ.

ಕೊನೆಗೆ, ನೀವೇ ಅಳೆಯುವುದು ಹೇಗೆ? ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಉಂಟು, ಜರ್ಮನಿಯ ಆಖೆನ್ ನಗರದ ವಿಶ್ವವಿದ್ಯಾಲಯದವರು ಮಾಡಿದ್ದು. ಗುರುತ್ವ ಸೇರಿದ ವೇಗೋತ್ಕರ್ಷದ ಪ್ರಯೋಗ ತೆರೆಯಿರಿ. ಫೋನನ್ನು ಮಟ್ಟಸ ಜಾಗದಲ್ಲಿ ಮಲಗಿಸಿ, ತಲೆ ಬಸ್ಸಿನ ಮುಂದಕ್ಕೆ, ಕೈಯಲ್ಲಿ ಹಿಡಿಯಬೇಡಿ. ಮೇಲೆ ಕೆಳಗಿನ ದಿಕ್ಕಿನದ್ದು ತೋರಿಸುವ ಝಡ್ ಗೆರೆ 9.8ರ ಹತ್ತಿರ ನಿಲ್ತದೆ. ನೋಡ್ಬೇಕಾದದ್ದು ಹಿಂದೆ ಮುಂದಿನ ದಿಕ್ಕಿನ ವೈ ಗೆರೆ. ಬ್ರೇಕ್ ಬಿದ್ದಾಗ ಅದು ಸೊನ್ನೆಯ ಕೆಳಗೆ ಇಳೀತದೆ. ತಪ್ಪಾಗುವುದು ಓರೆಯಿಂದ: ಫೋನ್ ಬರೇ 5 ಡಿಗ್ರಿ ಬಾಗಿದರೂ ಗುರುತ್ವದ ಒಂದು ಪಾಲು ನುಸುಳಿ 0.85 ತೋರಿಸ್ತದೆ, ಕ್ಲಚ್ ಒತ್ತಿದಾಗಿನ 0.17ರ ಐದು ಪಟ್ಟು! ಅದಕ್ಕೆ ಬಸ್ ಸ್ಟಾಪಿನಲ್ಲಿ ನಿಂತಿರುವಾಗ ವೈ ಎಷ್ಟು ಉಂಟು ಅಂತ ಬರೆದಿಟ್ಟುಕೊಂಡು ಅದನ್ನು ಎಲ್ಲ ಅಂಕಿಗಳಿಂದ ಕಳೆಯಿರಿ. ಇಂಜಿನಿನ ನಡುಕಕ್ಕೆ ಗೆರೆ ಕುಣೀತದೆ, ಹತ್ತು ಸೆಕೆಂಡಿನ ಸರಾಸರಿ ತೆಗೆಯಿರಿ. ಆಮೇಲೆ ಮಟ್ಟಸ ರಸ್ತೆಯಲ್ಲಿ ಬಸ್ 70ರಲ್ಲಿ ಸಮನಾಗಿ ಓಡುವಾಗಿನ ಹತ್ತು ಸೆಕೆಂಡನ್ನೂ ತೆಗೆದು ಪಕ್ಕಪಕ್ಕ ಇಡಿ. ಓಡುವ ಬಸ್ ಯಾವುದು, ನಿಂತ ಬಸ್ ಯಾವುದು ಅಂತ ಆ ಎರಡು ಸರಾಸರಿಗಳಿಂದ ಯಾರಿಂದಲೂ ಹೇಳಲಿಕ್ಕೆ ಆಗುವುದಿಲ್ಲ.