ಚಿಮುಕಿಸಿದ ನೀರಿನ ಮೇಲೊಂದು ಆಟ

ಕೇಳುಗರಿಗೆ ನಮಸ್ಕಾರ.

ಕೆನಡಾದ ಬಯಲು ಸೀಮೆಯಲ್ಲಿ ಸಸ್ಕಾಚೆವಾನ್ ಎಂಬ ಪ್ರಾಂತ್ಯವಿದೆ. ವಿಸ್ತೀರ್ಣದಲ್ಲಿ ಕರ್ನಾಟಕದ ಮೂರು ಪಟ್ಟಿಗೂ ಹೆಚ್ಚು. ಜನ ಮಾತ್ರ ಸುಮಾರು 12 ಲಕ್ಷ. ಭಾರತ ಕೆನಡಾದಿಂದ ತರಿಸುವ ಮಸೂರ ಬೇಳೆಯಲ್ಲಿ ಬಹುಪಾಲು ಬೆಳೆಯುವುದು ಇಲ್ಲೇ. ನವೆಂಬರ್ ಬಂತೆಂದರೆ ಹೊಲ ಹಿಮದಡಿ. ಮತ್ತೆ ನೆಲ ಕಾಣುವವರೆಗೆ ಸಣ್ಣ ಊರುಗಳ ಜನ ಸಂಜೆ ಸೇರುವ ಜಾಗಗಳಲ್ಲಿ ಒಂದು, ಊರಂಚಿನ ಉದ್ದನೆಯ ತಗಡಿನ ಕಟ್ಟಡ. ಅದು ಕರ್ಲಿಂಗ್ ಕ್ಲಬ್. 2001ರಿಂದ ಕರ್ಲಿಂಗ್ ಈ ಪ್ರಾಂತ್ಯದ ಅಧಿಕೃತ ಕ್ರೀಡೆ.

ಆಟ ಹೇಗೆಂದು ಬೇಗ ಹೇಳಿ ಮುಗಿಸುತ್ತೇನೆ. ಉದ್ದ 150 ಅಡಿ, ಅಗಲ ಐದು ಮೀಟರಿಗೆ ತುಸು ಕಡಿಮೆ, ಅಷ್ಟು ಐಸಿನ ಪಟ್ಟಿಗೆ ಶೀಟ್ ಎಂದು ಹೆಸರು. ಎರಡೂ ತುದಿಯಲ್ಲಿ 12 ಅಡಿ ವ್ಯಾಸದ ಬಣ್ಣದ ವೃತ್ತ. ಅದನ್ನು ಹೌಸ್ ಅನ್ನುತ್ತಾರೆ, ಚೌಕಾಬಾರದಲ್ಲಿ ನಾವು ಮನೆ ಅಂದ ಹಾಗೆ. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡು ಕಲ್ಲು. ಎರಡೂ ಕಡೆಯ 16 ಕಲ್ಲು ಜಾರಿಸಿದರೆ ಒಂದು ಎಂಡ್. ಮನೆಯ ನಟ್ಟನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗಷ್ಟೇ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗೆ ಎಷ್ಟು ಕಲ್ಲಿವೆಯೋ ಅಷ್ಟು. ಕ್ಲಬ್ಬಿನ ಆಟ ಎಂಟು ಎಂಡ್, ಸುಮಾರು ಎರಡು ಗಂಟೆ.

ಇನ್ನು ಐಸಿನ ವಿಷಯ. ಕರ್ಲಿಂಗ್ ಕ್ಲಬ್ ಅಂದರೆ ಮುಖ್ಯವಾಗಿ ಐಸೇ. ಅದನ್ನು ಮಾಡುವವರು ಒಳ್ಳೆಯವರು ಸಿಕ್ಕರೆ ಎರಡೇ ಶೀಟಿನ ಹಳ್ಳಿ ಕ್ಲಬ್ಬೂ ನಡೆಯುತ್ತದೆ. ಇಲ್ಲದಿದ್ದರೆ ನಗರದ ದೊಡ್ಡ ಕ್ಲಬ್ಬಲ್ಲೂ ಆಟಗಾರರು ಗೊಣಗುತ್ತಾರೆ.

ಶರತ್ಕಾಲದಲ್ಲಿ ಮೊದಲು ನೆಲವನ್ನು ತಣಿಸಬೇಕು. ಕಾಂಕ್ರೀಟಿನ ಅಥವಾ ಮರಳಿನ ನೆಲದೊಳಗೆ ಕೊಳವೆಗಳ ಸಾಲು. ಅವುಗಳಲ್ಲಿ ಹರಿಯುವುದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರು. ಉಪ್ಪಿನ ದೆಸೆಯಿಂದ ಅದು ಶೂನ್ಯದ ಕೆಳಗೂ ಹೆಪ್ಪುಗಟ್ಟದು. ನೆಲ ತಣಿದ ಮೇಲೆ ನೀರನ್ನು ಒಮ್ಮೆಲೇ ಸುರಿಯುವಂತಿಲ್ಲ. ತೆಳುವಾಗಿ ಒಂದು ಪದರ ಹಾಯಿಸಿ, ಹೆಪ್ಪುಗಟ್ಟಲು ಬಿಟ್ಟು, ಮತ್ತೊಂದು ಪದರ. ಸಮವಾದ ತಳ ಸಿಕ್ಕ ಮೇಲೆ ಬಿಳಿ ಬಣ್ಣ ಸಿಂಪಡಿಸಿ, ವೃತ್ತ ಮತ್ತು ಗೆರೆಗಳನ್ನು ಹಾಕಿ, ಊರಿನ ಅಂಗಡಿಗಳ ಜಾಹೀರಾತು ಚಿತ್ರಗಳನ್ನೂ ಹಾಸಿ, ಅವು ಕದಡದಂತೆ ಮೇಲೆ ಸಣ್ಣಗೆ ನೀರು ಸಿಂಪಡಿಸುತ್ತಾರೆ. ಆಮೇಲೆ ಮತ್ತೆ ಪದರಗಳು. ಒಟ್ಟು ದಪ್ಪ ಮೂರು-ನಾಲ್ಕು ಸೆಂಟಿಮೀಟರ್ ಸಾಕು. ಹೆಚ್ಚಾದರೆ ನೆಲದ ತಂಪು ಮೇಲ್ಮೈಗೆ ಸರಿಯಾಗಿ ಮುಟ್ಟುವುದಿಲ್ಲ, ಐಸು ಮೆತ್ತಗಾಗುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ಮೇಲ್ಮೈ ಶೂನ್ಯಕ್ಕಿಂತ ಐದು ಡಿಗ್ರಿಯಷ್ಟು ಕೆಳಗಿದ್ದರೆ ಸರಿ.

ಇಷ್ಟಾದರೂ ಆಟಕ್ಕೆ ಅದು ಸಿದ್ಧವಲ್ಲ. ನುಣ್ಣನೆಯ ಐಸಿನ ಮೇಲೆ ಕರ್ಲಿಂಗ್ ಕಲ್ಲು ಆ ತುದಿಗೆ ಹೋಗುವುದೇ ಇಲ್ಲ, ನಡುವೆಯೇ ನಿಂತುಬಿಡುತ್ತದೆ. ಅದಕ್ಕಾಗಿಯೇ ಪೆಬಲ್. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವವರ ಹಾಗೆ ಬೆನ್ನಿಗೊಂದು ಕ್ಯಾನ್ ಕಟ್ಟಿಕೊಂಡು, ಸಣ್ಣ ತೂತುಗಳ ತಾಮ್ರದ ಮೂತಿಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ, ಹಿಂದಕ್ಕೆ ಹೆಜ್ಜೆಯಿಡುತ್ತ, ಶೀಟಿನ ಉದ್ದಕ್ಕೂ ನೀರು ಚಿಮುಕಿಸುತ್ತಾರೆ. ಹನಿಗಳು ಬಿದ್ದಲ್ಲೇ ಗಟ್ಟಿಯಾಗಿ ಐಸಿನ ಮೈ ಕಿತ್ತಳೆ ಸಿಪ್ಪೆಯ ಹಾಗಾಗುತ್ತದೆ. ಕಲ್ಲು ಓಡುವುದು ಈ ಉಬ್ಬುಗಳ ತಲೆಯ ಮೇಲೆ. ನೀರು ಬಿಸಿಯಾಗಿರಬೇಕು: ಬಿಸಿ ಹನಿ ತಳದ ಐಸಿಗೆ ಬೆಸೆದುಕೊಳ್ಳುತ್ತದೆ, ತಣ್ಣನೆಯದು ಮೇಲೆ ಕೂತು ಕಲ್ಲು ತಾಗಿದಾಗ ಸಿಡಿಯುತ್ತದೆ. ನೀರು ಶುದ್ಧವೂ ಆಗಿರಬೇಕು. ಬಯಲುಸೀಮೆಯ ಬಾವಿ ನೀರು ಗಡಸು. ಹೆಪ್ಪುಗಟ್ಟುವಾಗ ಅದರ ಲವಣವೆಲ್ಲ ಮೇಲಕ್ಕೆ ಬಂದು ಪೆಬಲ್ ಮೆದುವಾಗಿ ಬೇಗ ಸವೆಯುತ್ತದೆ. ಹಾಗಾಗಿ ಲವಣ ತೆಗೆದ ನೀರನ್ನೇ ಬಳಸುತ್ತಾರೆ. ಕೊನೆಗೆ ಅಗಲ ಬ್ಲೇಡೊಂದನ್ನು ಮೇಲಿಂದ ಹಾಯಿಸಿ ಉಬ್ಬುಗಳ ಚೂಪು ತುದಿಯನ್ನಷ್ಟೇ ಸವರಿ ಸಮ ಮಾಡುತ್ತಾರೆ.

ಒಳ್ಳೆಯ ಐಸು ಎಷ್ಟು ವೇಗದ್ದೆಂದು ಅಳೆಯುವ ಲೆಕ್ಕ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ಈಚೆಯ ಹಾಗ್ ಗೆರೆಯಿಂದ, ಅಂದರೆ ಕಲ್ಲನ್ನು ಕೈಬಿಡಬೇಕಾದ ಗೆರೆಯಿಂದ, ಆಚೆ ಮನೆಯ ನಡುವಿಗೆ ಕಲ್ಲು 24 ಸೆಕೆಂಡಿನಲ್ಲಿ ಬಂದು ನಿಂತರೆ ಐಸು ಚುರುಕು. 21ರಲ್ಲಿ ಬಂದರೆ ನಿಧಾನ! ಜಾರು ಹೆಚ್ಚಿದ್ದಲ್ಲಿ ಮೆಲ್ಲಗೆ ಬಿಟ್ಟರೂ ಕಲ್ಲು ತಲುಪುತ್ತದೆ, ಆದ್ದರಿಂದ ಹೊತ್ತು ಹಿಡಿಯುತ್ತದೆ. ಜಾರು ಕಡಿಮೆ ಇದ್ದರೆ ಜೋರಾಗಿ ತಳ್ಳಲೇಬೇಕು.

ಐಸು ಕೆಡುವುದು ಹೆಚ್ಚಾಗಿ ಗಾಳಿಯಿಂದ. ಬಾಗಿಲು ತೆರೆದಿಟ್ಟರೆ, ಹೊರಗೆ ಹವೆ ತುಸು ಬೆಚ್ಚಗಾದರೆ, ಜನ ಕಿಕ್ಕಿರಿದು ಉಸಿರಾಡಿದರೆ ತೇವ ಐಸಿನ ಮೇಲೆ ಇಬ್ಬನಿಯಂತೆ ಕೂತು ಬಿಳಿ ಫ್ರಾಸ್ಟ್ ಆಗುತ್ತದೆ. ಆಗ ಕಲ್ಲು ಮುಗ್ಗರಿಸಿದ ಹಾಗೆ ನಿಧಾನವಾಗುತ್ತದೆ. ತೇವ ಹೀರುವ ಯಂತ್ರವಿಲ್ಲದ ಕ್ಲಬ್ಬಿಗೆ ಇದು ವರ್ಷವರ್ಷದ ತಲೆನೋವು. ಇನ್ನೊಂದು ಶತ್ರು ಕಸ. ಐಸು ಗುಡಿಸುವ ಬ್ರೂಮಿನ ಒಂದು ಕೂದಲು, ಶೂಗಂಟಿ ಬಂದ ಒಂದು ಹರಳು ಕಲ್ಲಿನಡಿ ಸಿಕ್ಕರೆ ಸಾಕು, ಸರಿಯಾಗಿ ಹೋಗುತ್ತಿದ್ದ ಕಲ್ಲು ಸರಕ್ಕನೆ ದಾರಿ ಬಿಡುತ್ತದೆ. ಹೊರಗಿನ ಶೂ ಹಾಕಿ ಶೀಟಿಗಿಳಿದವರನ್ನು ಕ್ಲಬ್ಬಿನಲ್ಲಿ ಯಾರೂ ಸುಮ್ಮನೆ ಬಿಡದಿರುವುದು ಇದಕ್ಕೇ.

ಕಲ್ಲಿನ ಬಗ್ಗೆ ಎರಡು ಮಾತು. ತೂಕ 20 ಕೆ.ಜಿ.ಯ ಒಳಗೆ, ಮತ್ತು 17.24 ಕೆ.ಜಿ.ಗಿಂತ ಕಡಿಮೆ ಇರಕೂಡದು. ಸ್ಕಾಟ್ಲೆಂಡಿನ ಎಲ್ಸಾ ಕ್ರೇಗ್ ದ್ವೀಪದ ಅಥವಾ ವೇಲ್ಸ್‌ನ ಟ್ರೆಫೋರಿನ ಗ್ರಾನೈಟ್. ತಳ ಬಟ್ಟಲಿನಂತೆ ಒಳಗೆ ತಗ್ಗಿದ್ದು, ಐದಾರು ಮಿಲಿಮೀಟರ್ ಅಗಲದ ಉಂಗುರವೊಂದೇ ಐಸಿಗೆ ತಾಗುತ್ತದೆ. ಬಿಡುವಾಗ ಹಿಡಿಯನ್ನು ತುಸು ತಿರುಗಿಸಿದರೆ ಕಲ್ಲು ಬಾಗಿ ಹೋಗುತ್ತದೆ. ಮನೆಯಲ್ಲಿ ಒಂದು ಲೋಟ ಬೋರಲು ಹಾಕಿ ಗಡಿಯಾರದ ಮುಳ್ಳಿನಂತೆ ತಿರುಗಿಸಿ ಮೇಜಿನ ಮೇಲೆ ಜಾರಿಸಿ ನೋಡಿ, ಅದು ಎಡಕ್ಕೆ ವಾಲುತ್ತದೆ. ಕರ್ಲಿಂಗ್ ಕಲ್ಲು ಬಲಕ್ಕೆ! ಏಕೆ ಎಂಬುದರ ಮೇಲೆ ಭೌತವಿಜ್ಞಾನಿಗಳು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಆಟಗಾರರಿಗೆ ಅದರ ಗೊಡವೆಯಿಲ್ಲ, ಎಷ್ಟು ಬಾಗುತ್ತದೆಂದು ತಿಳಿದರೆ ಸಾಕು. ಕಲ್ಲಿನ ಮುಂದೆ ಜೋರಾಗಿ ಗುಡಿಸಿದರೆ ಐಸು ತುಸು ಬೆಚ್ಚಗಾಗಿ ಕಲ್ಲು ಕಡಿಮೆ ಬಾಗಿ ಹೆಚ್ಚು ದೂರ ಹೋಗುತ್ತದೆ.

ಉಂಗುರ ಸವೆದು ನುಣುಪಾದರೆ ಕಲ್ಲು ಬಾಗುವುದನ್ನೇ ಮರೆಯುತ್ತದೆ. ಆಗ ಮರಳುಕಾಗದದಿಂದ ಉಜ್ಜಿ ಒರಟು ಮಾಡುತ್ತಾರೆ. ಎಲ್ಲವನ್ನೂ ಒಂದೇ ಹದಕ್ಕೆ ಉಜ್ಜಬೇಕು. ಕೈ ತಪ್ಪಿದರೆ ಒಂದೇ ಶೀಟಿನ ಎರಡು ಕಲ್ಲು ಎರಡು ದಾರಿ ಹಿಡಿಯುತ್ತವೆ.

ಕ್ಲಬ್ಬಿನ ನಿಜವಾದ ಭಾರ ಹಿಂದಿನ ಕೋಣೆಯಲ್ಲಿದೆ, ತಂಪು ಮಾಡುವ ಯಂತ್ರದ್ದು. ಬಹಳ ಕಡೆ ಅದು ಅಮೋನಿಯಾದಿಂದ ನಡೆಯುತ್ತದೆ. ಚಿಲ್ಲರ್ ಅಂದರೆ ಉಪ್ಪುನೀರನ್ನು ತಣಿಸುವ ಭಾಗ. ಹಳೆಯದಾದ ಚಿಲ್ಲರಿನ ಕೊಳವೆ ತುಕ್ಕು ಹಿಡಿದು ತೂತಾದರೆ ಅಮೋನಿಯಾ ಉಪ್ಪುನೀರಿಗೆ ನುಗ್ಗುತ್ತದೆ. 2017ರ ಅಕ್ಟೋಬರಿನಲ್ಲಿ ಪಕ್ಕದ ಪ್ರಾಂತ್ಯದಾಚೆ, ಬ್ರಿಟಿಷ್ ಕೊಲಂಬಿಯಾದ ಫರ್ನಿ ಊರಿನ ಕ್ರೀಡಾಂಗಣದಲ್ಲಿ ಮೂವರು ಸತ್ತದ್ದು ಹೀಗೆ. ಸೋರಿದ್ದು ಕರ್ಲಿಂಗ್ ಐಸಿನ ಹಳೆಯ ಚಿಲ್ಲರು. ಉಪ್ಪುನೀರಿನ ಪರೀಕ್ಷೆಯಲ್ಲಿ ಅಮೋನಿಯಾ ಕಂಡರೆ ಯಂತ್ರ ನಿಲ್ಲಿಸಬೇಕು, ಸೀಸನ್ ಹೋದರೂ ಸರಿ. ಹೊಸ ಚಿಲ್ಲರಿನ ದುಡ್ಡನ್ನು ಕೆಲವೇ ನೂರು ಜನರ ಊರು ಹೊಂದಿಸುವುದು ಸುಲಭವಲ್ಲ.

ದುಡ್ಡು ಬರುವುದು ಸದಸ್ಯರ ಶುಲ್ಕ, ಐಸಿನಡಿಯ ಜಾಹೀರಾತು, ಅಡುಗೆಮನೆ ಮತ್ತು ಬಾರಿನಿಂದ, ಹಾಗೂ ಬಾನ್‌ಸ್ಪೀಲ್‌ನಿಂದ. ಬಾನ್‌ಸ್ಪೀಲ್ ಅಂದರೆ ವಾರಾಂತ್ಯದ ಪಂದ್ಯಾವಳಿ. ಅದರ ಏರ್ಪಾಡು ಜಾಣತನದ್ದು: ಮೊದಲ ಸುತ್ತು ಸೋತವರು ಎರಡನೇ ಪಂಕ್ತಿಗೆ ಇಳಿಯುತ್ತಾರೆ, ಅಲ್ಲೂ ಸೋತರೆ ಮೂರನೆಯದಕ್ಕೆ. ನೂರಾರು ಕಿಲೋಮೀಟರ್ ಹಿಮದ ರಸ್ತೆಯಲ್ಲಿ ಬಂದವರಿಗೆ ಕಡಿಮೆಯೆಂದರೂ ಮೂರು ಆಟ ಖಾತ್ರಿ. ಆಟಕ್ಕೆ ಮೊದಲು, ಮುಗಿದ ಮೇಲೆ ಎಲ್ಲರೂ ಕೈಕುಲುಕುತ್ತಾರೆ. ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸುವುದು ಹಳೇ ರೂಢಿ.

ಕರ್ಲಿಂಗ್ ಆಟಗಾರ್ತಿ ಸಾಂಡ್ರಾ ಶ್ಮರ್ಲರ್ ಬೆಳೆದದ್ದು ಇಂಥ ಊರಲ್ಲೇ, ಸುಮಾರು ಎರಡು ಸಾವಿರ ಜನರ ಬಿಗರ್‌ನಲ್ಲಿ. ಅವರ ತಂಡ 1993, 1994, 1997ರಲ್ಲಿ ವಿಶ್ವ ಚಾಂಪಿಯನ್ ಆಯಿತು. 1998ರಲ್ಲಿ ನಾಗಾನೊದಲ್ಲಿ ಮಹಿಳಾ ಕರ್ಲಿಂಗ್‌ಗೆ ಮೊದಲ ಬಾರಿ ಒಲಿಂಪಿಕ್ ಪದಕ ಇಟ್ಟಾಗ ಚಿನ್ನವೂ ಅವರಿಗೇ. ಅವರು 2000ದಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡರು.

ಮಾರ್ಚ್ ಕೊನೆಯ ಹೊತ್ತಿಗೆ ಕೊನೆಯ ಆಟ. ಕಲ್ಲುಗಳನ್ನು ಎತ್ತಿ, ತಳ ಒರೆಸಿ, ಶೀಟಿನ ನಂಬರಿನ ಪ್ರಕಾರವೇ ಜೋಡಿಸಿಡುತ್ತಾರೆ. ಬೆರೆಸಿದರೆ ಮುಂದಿನ ಸೀಸನ್ ಯಾವ ಕಲ್ಲು ಹೇಗೆ ಬಾಗುತ್ತದೆಂಬ ಲೆಕ್ಕವೆಲ್ಲ ಮತ್ತೆ ಮೊದಲಿಂದ. ಯಂತ್ರ ನಿಲ್ಲಿಸುತ್ತಾರೆ. ಕೆಲವು ದಿನಗಳಲ್ಲಿ ಐಸು ಕರಗಿ, ಬಿಳಿ ಬಣ್ಣ, ಕೆಂಪು-ನೀಲಿ ವೃತ್ತ, ಊರಿನ ಅಂಗಡಿಗಳ ಹೆಸರು ಎಲ್ಲ ಕಲಸಿಕೊಂಡು ನೆಲದ ಚರಂಡಿಯತ್ತ ಹರಿಯುತ್ತದೆ.

ನಮಸ್ಕಾರ.