ನಿಂತರೆ ಹೋಯಿತು: ಯುದ್ಧದಲ್ಲಿ ಹೆಲಿಕಾಪ್ಟರ್ ಪೈಲಟ್‌ನ ಲೆಕ್ಕ

[ದೃಶ್ಯ: ಪಣಂಬೂರು ಬೀಚ್, ನಡು ಮಧ್ಯಾಹ್ನ. ಪರದೆಯಲ್ಲಿ ಅಕ್ಷರ: 34 ಡಿಗ್ರಿ]

ನಮಸ್ಕಾರ. ಎಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಪಣಂಬೂರಿನಲ್ಲಿ 34 ಡಿಗ್ರಿ ಉಂಟು ಅಂತ ಇಟ್ಟುಕೊಳ್ಳಿ. ನೀವು ನಿಂತದ್ದು ಸಮುದ್ರ ಮಟ್ಟದಲ್ಲೇ. ಆದರೆ ಅಲ್ಲಿಗೆ ಬಂದ ಹೆಲಿಕಾಪ್ಟರಿಗೆ ಮಾತ್ರ ಅದು ಸುಮಾರು 2,300 ಅಡಿ ಎತ್ತರದ ಜಾಗ. ಕಾದ ಗಾಳಿ ಹಿಗ್ಗಿ ತೆಳುವಾಗುತ್ತದೆ, ಬ್ಲೇಡಿಗೆ ಹಿಡಿತ ಸಿಗುವುದಿಲ್ಲ. ನಮ್ಮ ಕರಾವಳಿಯ ಸೆಕೆ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ನೀರಿನ ಆವಿ ಒಣ ಗಾಳಿಗಿಂತ ಹಗುರ ಅಲ್ವಾ?

ಈಗ ಗಾಳಿಯ ಸಾಂದ್ರತೆಯ ಈ ಪಟ್ಟಿ ನೋಡಿ. ತಾಪಮಾನ ಬದಿಗಿಟ್ಟು ಬರೀ ಎತ್ತರದ ಲೆಕ್ಕ ಇದು.

[ಪರದೆ: ಪಣಂಬೂರು 100% / ಕುದುರೆಮುಖ ಶಿಖರ, 1,894 ಮೀ., 83% / ತೋಲೋಲಿಂಗ್, ಸುಮಾರು 4,590 ಮೀ., 63% / ಸಿಯಾಚಿನ್, 20,000 ಅಡಿ, 53%]

ಕುದುರೆಮುಖದ ತುದಿಗೆ ಹೋಗುವಷ್ಟರಲ್ಲೇ ಗಾಳಿಯ ಸಾಂದ್ರತೆ ಆರರಲ್ಲಿ ಒಂದು ಪಾಲು ಹೋಯಿತು. ಸಿಯಾಚಿನ್‌ನಲ್ಲಿ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿ ಬ್ಲೇಡಿಗೂ ಗಾಳಿ ಕಮ್ಮಿ, ಇಂಜಿನ್ನಿಗೂ ಗಾಳಿ ಕಮ್ಮಿ. ಎರಡೂ ಕಡೆಯಿಂದ ಪೆಟ್ಟು. 1984ರ ಎಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾದಾಗಿನಿಂದ ಚೀತಾ ಹೆಲಿಕಾಪ್ಟರ್‌ಗಳು ಆ ತುದಿಯ ಪೋಸ್ಟ್‌ಗಳಿಗೆ ಸಾಮಾನು ಸಾಗಿಸುತ್ತಿವೆ. ತೀರಾ ಮೇಲಿನ ಪೋಸ್ಟಿಗೆ ಒಂದು ಸಲಕ್ಕೆ ಒಯ್ಯಲು ಆಗುವುದು ಒಂದು ಜೆರಿಕ್ಯಾನ್ ಸೀಮೆಎಣ್ಣೆಯಷ್ಟು ಭಾರ, ಅಷ್ಟೇ.

ಯುದ್ಧದ ಹೆಲಿಕಾಪ್ಟರ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಗನ್, ಕ್ಷಿಪಣಿ. ಪೈಲಟ್ ಮೊದಲು ನೋಡುವುದು ಟಾರ್ಕ್ ಮೀಟರ್. ಇಂಜಿನ್ನಿನಲ್ಲಿ ಇನ್ನೆಷ್ಟು ಶಕ್ತಿ ಬಾಕಿ ಉಂಟು? ಕೆಳಗೆ, ವೇಗವಾಗಿ, ಮರಗಳ ಎತ್ತರದಲ್ಲಿ ಹಾರುತ್ತಿರುವ ಹೆಲಿಕಾಪ್ಟರನ್ನು ಹೊಡೆಯುವುದು ಸುಲಭ ಅಲ್ಲ. ಆದರೆ ಕೆಲಸ ಮಾಡಬೇಕಾದರೆ ಅದು ನಿಲ್ಲಬೇಕು, ಇಳಿಯಬೇಕು, ಇಲ್ಲವೇ ಒಂದೇ ಗೆರೆಯಲ್ಲಿ ಹಾರಬೇಕು. ಇವತ್ತು ಹೇಳುವ ಹೆಚ್ಚಿನ ಘಟನೆಗಳು ಆ ಕೆಲವೇ ಸೆಕೆಂಡುಗಳ ಒಳಗೆ ನಡೆದವು.

[ದೃಶ್ಯ: ಕಾಕ್‌ಪಿಟ್ ಚಿತ್ರ. ಎಡಗೈ, ಬಲಗೈ, ಕಾಲು ಒಂದೊಂದಾಗಿ ಹೈಲೈಟ್]

ಮೊದಲು ಕೈಕಾಲಿನ ಕೆಲಸ. ಎಡಗೈಯಲ್ಲಿ ಕಲೆಕ್ಟಿವ್, ಸೀಟಿನ ಪಕ್ಕದ ಉದ್ದ ಹಿಡಿಕೆ. ಎತ್ತಿದರೆ ಎಲ್ಲ ಬ್ಲೇಡ್‌ಗಳ ಕೋನ ಒಟ್ಟಿಗೇ ಹೆಚ್ಚುತ್ತದೆ, ಹೆಲಿಕಾಪ್ಟರ್ ಮೇಲೇರುತ್ತದೆ. ಬಲಗೈಯಲ್ಲಿ ಸೈಕ್ಲಿಕ್, ಎತ್ತ ಓರೆ ಮಾಡಿದರೆ ಅತ್ತ ಸಾಗುತ್ತದೆ. ಕಾಲಿನ ಪೆಡಲ್ ಬಾಲದ ರೋಟರಿಗೆ, ಹೆಲಿಕಾಪ್ಟರಿನ ಮೈ ಸುತ್ತದಂತೆ ತಡೆಯುವ ಸಣ್ಣ ಫ್ಯಾನಿಗೆ. ಒಂದನ್ನು ಮುಟ್ಟಿದರೆ ಉಳಿದ ಎರಡನ್ನೂ ಸರಿಪಡಿಸಬೇಕು. ಕೈ ಬಿಡುವಂತಿಲ್ಲ, ಹಾಗಾಗಿ ರೇಡಿಯೋ ಬಟನ್, ಟ್ರಿಗರ್ ಎಲ್ಲ ಆ ಹಿಡಿಕೆಗಳ ಮೇಲೆಯೇ. ಎಡಕ್ಕೆ ವಾಲಿ ಗಂಟೆಗಟ್ಟಲೆ ಕೂತದ್ದಕ್ಕೆ, ಮೇಲಿಂದ ರೋಟರಿನ ನಡುಕಕ್ಕೆ, ಈ ಪೈಲಟ್‌ಗಳಲ್ಲಿ ಬೆನ್ನುನೋವು ಮಾಮೂಲಿ. ರಾತ್ರಿ ಹೆಲ್ಮೆಟ್ಟಿನ ಮುಂದೆ ನೈಟ್ ವಿಷನ್ ಗಾಗಲ್ಸ್ ತೂಗುತ್ತದೆ. ಅದರ ಭಾರ ಸರಿದೂಗಿಸಲು ಹಿಂದುಗಡೆ ಇನ್ನೊಂದು ತೂಕ ಕಟ್ಟುತ್ತಾರೆ. ಕುತ್ತಿಗೆಯ ಕತೆ ನೀವೇ ಊಹಿಸಿ. ಅದರೊಳಗೆ ಕಾಣುವುದು ಸುಮಾರು 40 ಡಿಗ್ರಿ ಅಗಲ ಮಾತ್ರ, ದೂರದ ಅಂದಾಜು ಸರಿಯಾಗಿ ಸಿಗುವುದಿಲ್ಲ.

ಮುಂದೆ ಸಾಗುವಾಗ ರೋಟರಿಗೆ ಹೊಸ ಗಾಳಿ ಸಿಗುತ್ತಾ ಇರುತ್ತದೆ, ಕಡಿಮೆ ಶಕ್ತಿ ಸಾಕು. ವೇಗ 16ರಿಂದ 24 ನಾಟ್‌ಗಿಂತ (ಗಂಟೆಗೆ ಸುಮಾರು 30ರಿಂದ 45 ಕಿ.ಮೀ.) ಕೆಳಗೆ ಬಂದಾಗ ಆ ಅನುಕೂಲ ಹೋಗುತ್ತದೆ, ಅದೇ ಭಾರ ಹೊರಲು ಹೆಚ್ಚು ಶಕ್ತಿ ಬೇಕು. ಅಂದರೆ ಗುಂಡು ಬೀಳುವ ಜಾಗದಲ್ಲಿ ಇಳಿಯುವಾಗಲೇ ಇಂಜಿನ್ ಮಿತಿಯ ಹತ್ತಿರ ಇರುತ್ತದೆ. ಇರುವುದಕ್ಕಿಂತ ಹೆಚ್ಚು ಕೇಳಿದರೆ ಇಂಜಿನ್ ನಿಲ್ಲುವುದಿಲ್ಲ, ರೋಟರಿನ ಸುತ್ತು ಇಳಿಯುತ್ತದೆ. ಬಾಲದ ರೋಟರ್ ಅದಕ್ಕೇ ಗೇರ್‌ನಲ್ಲಿ ಜೋಡಿಸಿದ್ದು, ಅದೂ ನಿಧಾನವಾಗುತ್ತದೆ. ಹೆಲಿಕಾಪ್ಟರ್ ಕುಸಿಯುತ್ತಾ ತಿರುಗಲು ಶುರು.

ಇನ್ನೊಂದು ಅಪಾಯ, ಬೇಗ ಇಳಿಯುವ ಆತುರದಲ್ಲಿ ಬರುವಂಥದ್ದು. ಮುಂದಿನ ವೇಗ ಕಡಿಮೆ, ನಿಮಿಷಕ್ಕೆ 300 ಅಡಿಗಿಂತ ಜೋರಾಗಿ ನೇರ ಕೆಳಕ್ಕೆ. ಆಗ ರೋಟರ್ ತಾನೇ ಕೆಳಗೆ ತಳ್ಳಿದ ಗಾಳಿಯೊಳಗೆ ತಾನೇ ಇಳಿಯುತ್ತದೆ. ಕಲೆಕ್ಟಿವ್ ಎತ್ತಿದಷ್ಟೂ ಜಾಸ್ತಿ ಬೀಳುತ್ತದೆ, ಕೈ ಕೇಳುವುದಕ್ಕೆ ತದ್ವಿರುದ್ಧ ಮಾಡಬೇಕು: ಮೂತಿ ತಗ್ಗಿಸಿ ಮುಂದೆ ಓಡಿ ಹೊರಗೆ ಬರಬೇಕು. 2011ರ ಮೇ 2ರಂದು ಅಬೊಟ್ಟಾಬಾದ್‌ನಲ್ಲಿ ಬಿನ್ ಲಾದೆನ್ ಮನೆಯ ಅಂಗಳದಲ್ಲಿ ಅಮೆರಿಕದ ಬ್ಲ್ಯಾಕ್ ಹಾಕ್ ಬಿದ್ದದ್ದು ಹೀಗೆಯೇ. ತಾಲೀಮಿನಲ್ಲಿ ಆವರಣಕ್ಕೆ ತಂತಿ ಬೇಲಿ ಹಾಕಿದ್ದರು, ಗಾಳಿ ತೂರಿ ಹೋಗುತ್ತಿತ್ತು. ನಿಜವಾದ ಮನೆಗೆ ಗಟ್ಟಿ ಗೋಡೆ. ತಳ್ಳಿದ ಗಾಳಿ ಗೋಡೆಗೆ ಬಡಿದು ತಿರುಗಿ ರೋಟರಿಗೇ ಬಂತು.

[ಎಡಿಟರ್‌ಗೆ: ಇಲ್ಲಿಂದ ಸಂಗೀತ ತೆಗೆಯಿರಿ. ಜಾಫ್ನಾ ನಕ್ಷೆ]

1987ರ ಅಕ್ಟೋಬರ್ 11ರ ರಾತ್ರಿ. ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಭಾರತದ ಎಂಐ-8 ಹೆಲಿಕಾಪ್ಟರ್‌ಗಳು ಪಲಾಲಿ ನೆಲೆಯಿಂದ ಹೊರಟವು. ಒಳಗೆ 10 ಪ್ಯಾರಾ ಕಮಾಂಡೋಗಳು, ಆಮೇಲಿನ ಸರದಿಯಲ್ಲಿ 13 ಸಿಖ್ ಲೈಟ್ ಇನ್‌ಫೆಂಟ್ರಿಯ ಜವಾನರು. ಎಲ್‌ಟಿಟಿಇಗೆ ಸುದ್ದಿ ಮೊದಲೇ ಸಿಕ್ಕಿತ್ತು, ಮೈದಾನದ ಸುತ್ತ ಕಾದು ಕೂತಿದ್ದರು.

ಪೈಲಟ್ ಕಡೆಯಿಂದ ನೋಡಿ. ಕತ್ತಲೆ, ದೀಪ ಆರಿಸಿ ಹಾರಾಟ. ಮೈದಾನದಲ್ಲಿ ಒಮ್ಮೆಗೆ ಎರಡೇ ಹೆಲಿಕಾಪ್ಟರ್ ಇಳಿಯಲು ಜಾಗ. ವೇಗ ಕಳೆಯಲು ಮೂತಿ ಮೇಲೆತ್ತಬೇಕು, ಎತ್ತಿದರೆ ಮುಂದಿನ ನೆಲವೇ ಕಾಣುವುದಿಲ್ಲ. ಚಕ್ರ ಮುಟ್ಟಿದ ಮೇಲೆ ಅಲುಗಾಡುವಂತಿಲ್ಲ, ಸೈನಿಕರು ಬೆನ್ನಿಗೆ ಭಾರ ಹೊತ್ತು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಮೊದಲ ಸರದಿಯಲ್ಲಿ ಎದುರಾಳಿಗೆ ದಾರಿ ಗೊತ್ತಾಯಿತು. ಎರಡನೆಯದ್ದು ಅದೇ ದಾರಿಯಲ್ಲಿ, ಅದೇ ಜಾಗಕ್ಕೆ ಬರಲೇಬೇಕು. ನಮ್ಮ ಅಭಿಪ್ರಾಯ ಕೇಳಿದರೆ ಆ ರಾತ್ರಿಯ ಗಂಟು ಇದ್ದದ್ದು ಇಲ್ಲೇ: ಇಳಿಯುವ ಜಾಗ ಒಂದೇ, ಸರದಿ ಹಲವು.

ಹೆಲಿಕಾಪ್ಟರ್‌ಗಳಿಗೆ ಗುಂಡು ತಾಗಿ ಹಾನಿಯಾಯಿತು, ಉಳಿದ ಸರದಿಗಳು ನಿಂತವು. ಇಳಿದಿದ್ದ 30 ಸಿಖ್ ಜವಾನರ ತುಕಡಿ ಒಂಟಿಯಾಯಿತು. ಒಬ್ಬರು ಮಾತ್ರ ಸೆರೆಯಾಗಿ ಬದುಕುಳಿದರು.

ಇದಕ್ಕೆ ಎದುರು 1971ರ ಡಿಸೆಂಬರ್ 9 ಇಡಿ. ಈಗಿನ ಬಾಂಗ್ಲಾದೇಶದ ಮೇಘನಾ ನದಿಯ ಸೇತುವೆಯನ್ನು ಪಾಕಿಸ್ತಾನದ ಸೇನೆ ಉಡಾಯಿಸಿತ್ತು. ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಮತ್ತು ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಎಂಐ-4 ಹೆಲಿಕಾಪ್ಟರ್‌ಗಳಲ್ಲಿ ಸೈನ್ಯವನ್ನೇ ನದಿ ದಾಟಿಸಿದರು, ರಾತ್ರಿಯೂ, ನೆಲದಲ್ಲಿ ಟಾರ್ಚ್ ಹಿಡಿದು. ಎಂಐ-4ಕ್ಕೆ ಒಂದೇ ಪಿಸ್ಟನ್ ಇಂಜಿನ್, ಒಳಗೆ ಹಿಡಿಸುವುದು ಹನ್ನೆರಡು-ಹದಿನಾಲ್ಕು ಜನ. ಮಷಿನ್ ಎಂಐ-8ಕ್ಕಿಂತ ಎಷ್ಟೋ ಹಳೆಯದು. ಆದರೂ ಯಾಕೆ ಆಯಿತು? ಢಾಕಾದ ರನ್‌ವೇ ಅಷ್ಟರೊಳಗೆ ಗುಂಡಿ ಬಿದ್ದು ಶತ್ರು ವಿಮಾನ ಏಳುತ್ತಿರಲಿಲ್ಲ, ಇಳಿದ ದಡದಲ್ಲಿ ಕಾದು ಕೂತವರೂ ಇರಲಿಲ್ಲ. ಸಮುದ್ರ ಮಟ್ಟದ ಡಿಸೆಂಬರ್ ಚಳಿ, ದಪ್ಪ ಗಾಳಿ ಬೇರೆ. ಜಾಗ ಆರಿಸಿದ್ದರಲ್ಲೇ ಅರ್ಧ ಗೆಲುವು.

[ದೃಶ್ಯ: ದ್ರಾಸ್ ಕಣಿವೆಯ ನಕ್ಷೆ, ತೋಲೋಲಿಂಗ್ ಗುರುತು]

ಈಗ ಕಾರ್ಗಿಲ್. ಸ್ವಲ್ಪ ನಿಧಾನವಾಗಿ ನೋಡುವ.

ಅಲ್ಲಿ ವಾಯುಪಡೆಯ ಕಾರ್ಯಾಚರಣೆ, ಆಪರೇಷನ್ ಸಫೇದ್ ಸಾಗರ್, ಶುರುವಾದದ್ದು 1999ರ ಮೇ 26. ಮರುದಿನ ನಮ್ಮ ಎರಡು ಫೈಟರ್ ವಿಮಾನ ಬಿದ್ದವು. 28ರಂದು ಎಂಐ-17 ತಂಡ, ರೇಡಿಯೋದಲ್ಲಿ ಕರೆಯುವ ಹೆಸರು ನುಬ್ರಾ, ತೋಲೋಲಿಂಗ್ ಶಿಖರದ ಮೇಲೆ ರಾಕೆಟ್ ದಾಳಿಗೆ ಹೋಯಿತು. ಎಂಐ-17 ಹುಟ್ಟಿದ್ದು ಜನ, ಸಾಮಾನು ಸಾಗಿಸಲು. ಪಕ್ಕಕ್ಕೆ 57 ಮಿ.ಮೀ. ರಾಕೆಟ್ ಪಾಡ್ ಕಟ್ಟಿ ದಾಳಿಗೆ ಬಳಸುತ್ತಿದ್ದರು. ಈ ರಾಕೆಟ್‌ಗೆ ಗುರಿ ಹುಡುಕುವ ಬುದ್ಧಿ ಇಲ್ಲ. ಇಡೀ ಹೆಲಿಕಾಪ್ಟರನ್ನೇ ಗುರಿಗೆ ನೇರ ಮಾಡಿ, ಕೆಲವು ಸೆಕೆಂಡು ಅಲುಗಾಡದೆ ಹಾರಿ ಬಿಡಬೇಕು.

ಆ ಎತ್ತರದಲ್ಲಿ ಶಕ್ತಿ ಮೊದಲೇ ಕಮ್ಮಿ. ಚುರುಕಾಗಿ ತಿರುಗಲು ಆಗುವುದಿಲ್ಲ. ಬಯಲಿನಲ್ಲಾದರೆ ಮರದ ಮರೆ ಹಿಡಿದು ಹೋಗಬಹುದು. ಇಲ್ಲಿ ಶತ್ರು ಕೂತದ್ದೇ ಶಿಖರದಲ್ಲಿ, ಪೈಲಟ್‌ನ ಕಣ್ಣಿನ ಎತ್ತರಕ್ಕೆ. ಅವನ ಹೆಗಲ ಮೇಲೆ ಸ್ಟಿಂಗರ್, ಇಂಜಿನ್ನಿನ ಬಿಸಿಯನ್ನು ಹುಡುಕಿ ಬರುವ ಕ್ಷಿಪಣಿ. ಹಿಂದೆ ತಣ್ಣನೆಯ ಆಕಾಶ, ಹಿಮ. ಅದರ ಮುಂದೆ ಕಾದ ಇಂಜಿನ್ ಎದ್ದು ಕಾಣುತ್ತದೆ. ಶಬ್ದದ ಎರಡು ಪಟ್ಟಿಗಿಂತ ಜಾಸ್ತಿ ವೇಗ ಇದಕ್ಕೆ, ನಾಲ್ಕು ಕಿಲೋಮೀಟರ್ ದೂರದಿಂದ ಬಿಟ್ಟರೂ ಪೈಲಟ್‌ಗೆ ಸಿಗುವುದು ಆರೇಳು ಸೆಕೆಂಡು.

[ಪರದೆ: ಫ್ಲೇರ್ ಡಿಸ್ಪೆನ್ಸರ್ ಚಿತ್ರ, ಹತ್ತಿರದಿಂದ]

ಬಚಾವಾಗಲು ಇರುವುದು ಫ್ಲೇರ್. ರಷ್ಯನ್ ಹೆಲಿಕಾಪ್ಟರ್‌ಗಳಲ್ಲಿ ಎಎಸ್‌ಒ-2ವಿ ಅನ್ನುವ ಪೆಟ್ಟಿಗೆ, ಒಂದೊಂದರಲ್ಲಿ 26 ಮಿ.ಮೀ.ನ 32 ಕಾರ್ಟ್ರಿಜ್. ಹಾರಿಸಿದರೆ ಇಂಜಿನ್ನಿಗಿಂತ ಬಿಸಿಯಾಗಿ ಉರಿದು ಕ್ಷಿಪಣಿಯ ಕಣ್ಣನ್ನು ಎಳೆಯುತ್ತವೆ. ಕ್ಷಿಪಣಿ ಬಂದದ್ದು ಕಂಡ ಮೇಲೆ ಒತ್ತಿದರೆ ತಡ ಆಯಿತು. ದಾಳಿಯ ಓಟ ಶುರುವಾಗುವಾಗಲೇ, ರಾಕೆಟ್ ಬಿಟ್ಟು ಹೊರಳುವಾಗ ಮತ್ತೊಮ್ಮೆ, ಸರಣಿಯಾಗಿ ಬಿಡುತ್ತಾ ಇರಬೇಕು. ಬೀಳುವ ಫ್ಲೇರಿಗೂ ಹೆಲಿಕಾಪ್ಟರಿಗೂ ದೂರ ಬೇಗ ಹೆಚ್ಚಬೇಕಾದರೆ ಆಗಲೇ ತಿರುಗಬೇಕು. ತಿರುಗಲು ಬೇಕಾದ್ದು ಮತ್ತೆ ಅದೇ ಶಕ್ತಿ.

ಆ ದಿನ ಕ್ಷಿಪಣಿ ತಾಗಿದ ಎಂಐ-17ರಲ್ಲಿ ಫ್ಲೇರ್ ವ್ಯವಸ್ಥೆ ಇರಲಿಲ್ಲ. ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್, ಸಾರ್ಜೆಂಟ್ ಆರ್.ಕೆ. ಸಾಹು, ನಾಲ್ವರೂ ತೀರಿಕೊಂಡರು. ಆಮೇಲೆ ಎಂಐ-17ಗಳನ್ನು ದಾಳಿಯ ಕೆಲಸದಿಂದ ಹಿಂದೆ ತೆಗೆದರು. ಗಾಯಾಳುಗಳನ್ನು ತರುವುದು, ಸಾಮಾನು ಹೊರುವುದು ಮುಂದುವರಿಯಿತು. ಚೀತಾಗಳಿಗಂತೂ ಗನ್ನೂ ಇಲ್ಲ, ರಕ್ಷಣೆಯೂ ಇಲ್ಲ. ಫ್ಲೈಟ್ ಲೆಫ್ಟಿನೆಂಟ್ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಆ ಯುದ್ಧದಲ್ಲಿ ಹಾರಿಸಿದ್ದು ಇವನ್ನೇ.

[ದೃಶ್ಯ: ಆಟೊರೋಟೇಶನ್ ಅನಿಮೇಷನ್]

ಇಂಜಿನ್ನಿಗೇ ಗುಂಡು ತಾಗಿತು, ನಿಂತಿತು. ಆಗ ಎಂಥ ಮಾಡುವುದು? ಕಲ್ಲು ಬಿದ್ದ ಹಾಗೆ ಬೀಳುವುದಿಲ್ಲ, ಪೈಲಟ್ ಒಂದೆರಡು ಸೆಕೆಂಡಿನೊಳಗೆ ಕಲೆಕ್ಟಿವ್ ಇಳಿಸಿದರೆ. ಬ್ಲೇಡಿನ ಕೋನ ತಗ್ಗುತ್ತದೆ, ಕೆಳಗಿಂದ ಮೇಲೆ ಬರುವ ಗಾಳಿ ರೋಟರನ್ನು ತಿರುಗಿಸುತ್ತಲೇ ಇರುತ್ತದೆ. ಪೆಡಲ್ ಸರಿ ಮಾಡಿಕೊಂಡು, ವೇಗ ಕಾಪಾಡಿಕೊಂಡು ಇಳಿಯಬೇಕು. ನೆಲ ಸುಮಾರು ನೂರಡಿ ಇರುವಾಗ ಮೂತಿ ಎತ್ತಿ ವೇಗ ಕಡಿಮೆ ಮಾಡಬೇಕು. ಮತ್ತೆ ಸಮತಟ್ಟು ಮಾಡಿ, ಕೊನೆಯ ಕೆಲವು ಅಡಿಯಲ್ಲಿ ಕಲೆಕ್ಟಿವ್ ಎತ್ತಿ, ರೋಟರಿನಲ್ಲಿ ಉಳಿದ ಸುತ್ತನ್ನೆಲ್ಲ ಅಲ್ಲೇ ಖರ್ಚು ಮಾಡಬೇಕು. ಅವಕಾಶ ಒಂದೇ.

ಇದು ಎಷ್ಟು ಎತ್ತರದಿಂದಲೂ ಆಗುತ್ತದೆ. ಚೀತಾದ ಫ್ರೆಂಚ್ ಮೂಲ ಲಾಮಾದಲ್ಲಿ ಜಾನ್ ಬುಲೆ 1972ರ ಜೂನ್ 21ರಂದು 12,442 ಮೀಟರ್ ಏರಿದರು. ಮೇಲೆ ಇಂಜಿನ್ ಆರಿತು, ಅಲ್ಲಿಂದ ಹೀಗೆಯೇ ಕೆಳಗೆ ಬಂದು ಇಳಿದರು ಮಾರಾಯ್ರೆ! ಕಷ್ಟ ಇರುವುದು ಕಡಿಮೆ ಎತ್ತರದಲ್ಲಿ. ಇನ್ನೂರು ಅಡಿಯಲ್ಲಿ ನಿಂತಲ್ಲೇ ನಿಂತ ಒಂದೇ ಇಂಜಿನ್ನಿನ ಹೆಲಿಕಾಪ್ಟರಿಗೆ ವೇಗವೂ ಇಲ್ಲ, ಸಾಕಷ್ಟು ಎತ್ತರವೂ ಇಲ್ಲ. ಯಾವ ಎತ್ತರದಲ್ಲಿ ಯಾವ ವೇಗ ಇದ್ದರೆ ಉಳಿಯಲಾಗದು ಅಂತ ಪ್ರತಿ ಹೆಲಿಕಾಪ್ಟರಿನ ಕೈಪಿಡಿಯಲ್ಲಿ ಒಂದು ನಕ್ಷೆ ಇರುತ್ತದೆ. ಗಾಯಾಳುವನ್ನು ಎತ್ತಲು ನಿಂತ ಪೈಲಟ್ ಗೊತ್ತಿದ್ದೇ ಆ ನಕ್ಷೆಯ ಒಳಗೆ ಕೂತಿರುತ್ತಾನೆ.

ಹಾಗಾದರೆ ಅಮೆರಿಕದ ಅಪಾಚೆಯಂಥ ಗಟ್ಟಿ ಮಷಿನ್ ಇದ್ದರೆ? ಎರಡು ಇಂಜಿನ್, ಮೂತಿಯ ಕೆಳಗೆ 30 ಮಿ.ಮೀ. ಗನ್, ಎಣ್ಣೆ ಪೂರ್ತಿ ಸೋರಿದರೂ ಅರ್ಧ ಗಂಟೆ ಓಡುವ ಹಾಗೆ ಮಾಡಿದ ಗೇರ್‌ಬಾಕ್ಸ್. 2003ರ ಮಾರ್ಚ್ 24ರ ನಸುಕಿನಲ್ಲಿ ಇರಾಕಿನ ಕರ್ಬಲಾ ಹತ್ತಿರ ಅಮೆರಿಕದ ಸುಮಾರು 30 ಅಪಾಚೆಗಳು ದಾಳಿಗೆ ಹೋದವು. ಹೊರಡುವಾಗಲೇ ಒಂದು ಧೂಳಿನಲ್ಲಿ ನೆಲ ಕಾಣದೆ ಬಿತ್ತು. ದಾರಿಯ ಊರುಗಳಲ್ಲಿ ಕರೆಂಟ್ ಕೆಲವು ಸೆಕೆಂಡು ಹೋಗಿ ಮತ್ತೆ ಬಂತು. ಕೆಳಗೆ ಕಾದವರಿಗೆ ಅದೇ ಸೂಚನೆ. ಮನೆಗಳ ಮಧ್ಯದಿಂದ ಬಂದೂಕು, ಮಷಿನ್ ಗನ್‌ಗಳಿಂದ ಗುಂಡಿನ ಮಳೆ. ಒಂದು ಅಪಾಚೆ ಬಿದ್ದು ಅದರ ಇಬ್ಬರು ಸೆರೆಯಾದರು, ವಾಪಸ್ ಬಂದ ಹೆಚ್ಚುಕಡಿಮೆ ಎಲ್ಲವಕ್ಕೂ ತೂತು. ರಾಡಾರ್, ಕ್ಷಿಪಣಿಗಳಿಗೆ ಸಿದ್ಧವಾಗಿದ್ದ ಹೆಲಿಕಾಪ್ಟರನ್ನು ಹಿಂದೆ ತಿರುಗಿಸಿದ್ದು ಸಾದಾ ಬಂದೂಕು. ಅಲ್ಲಿಂದ ಮುಂದೆ ನಿಂತು ಗುಂಡು ಹಾರಿಸುವುದು ಬಿಟ್ಟು, ಓಡುತ್ತಲೇ ಹೊಡೆಯುವ ಕ್ರಮಕ್ಕೆ ಅವರು ಬಂದರು.

ಉಕ್ರೇನ್‌ನಲ್ಲಿ 2022ರಿಂದ ಎರಡೂ ಕಡೆಯವರು ಇನ್ನೂ ದೂರ ಸರಿದಿದ್ದಾರೆ. ಮರದ ಎತ್ತರದಲ್ಲಿ ಬಂದು, ಮೂತಿ ಎತ್ತಿ, ರಾಕೆಟ್‌ಗಳನ್ನು ಮೇಲ್ಮುಖವಾಗಿ ಬಿಟ್ಟು, ಫ್ಲೇರ್ ಉದುರಿಸುತ್ತಾ ಹೊರಳಿ ಓಟ. ಜೀವ ಉಳಿಯುತ್ತದೆ, ಗುರಿ ಕೆಡುತ್ತದೆ. ರಾಕೆಟ್‌ಗಳು ನೂರಾರು ಮೀಟರ್ ಚದುರಿ ಬೀಳುತ್ತವೆ.

ಒಂದು ವಿಷಯ ಬಿಟ್ಟುಹೋಗಬಾರದು: ಸ್ವಂತ ಕಡೆಯ ಕ್ಷಿಪಣಿ. 2019ರ ಫೆಬ್ರವರಿ 27ರಂದು ಬಡ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ತಾಗಿ ಎಂಐ-17 ಬಿತ್ತು. ಒಳಗಿದ್ದ ಆರು ಮಂದಿ ವಾಯುಪಡೆಯವರು, ನೆಲದಲ್ಲಿದ್ದ ಒಬ್ಬ ನಾಗರಿಕ ತೀರಿಕೊಂಡರು. ರಾಡಾರ್ ಪರದೆಯಲ್ಲಿ ನಿಧಾನವಾಗಿ, ಕೆಳಗೆ ಹಾರುವ ಚುಕ್ಕಿ ಡ್ರೋನ್‌ನಂತೆಯೂ ಕಾಣಬಹುದು. ನಮ್ಮವರು ಅಂತ ತಿಳಿಸುವ ಐಎಫ್‌ಎಫ್ ಉಪಕರಣ ಆನ್ ಇರುವುದು, ನೆಲದವರ ಜೊತೆ ಮಾತು ಸರಿ ಇರುವುದು, ಎರಡೂ ಹಾರುವ ಮೊದಲಿನ ಚೆಕ್‌ಲಿಸ್ಟ್‌ನಲ್ಲಿ ಬರಬೇಕು.

[ದೃಶ್ಯ: ಪ್ರಚಂಡ್ ಹೆಲಿಕಾಪ್ಟರ್ ಚಿತ್ರ]

ಕಾರ್ಗಿಲ್‌ನ ಕೊರತೆಗೆ ಉತ್ತರವಾಗಿ ಬಂದದ್ದು ಎಚ್‌ಎಎಲ್‌ನ ಪ್ರಚಂಡ್, ನಮ್ಮ ಬೆಂಗಳೂರಿನದ್ದೇ. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆಗೆ ಸೇರಿತು. ತೂಕ 5.8 ಟನ್, ‘ಶಕ್ತಿ’ ಹೆಸರಿನ ಎರಡು ಇಂಜಿನ್. ಪೈಲಟ್‌ಗಳು ಒಬ್ಬರ ಹಿಂದೆ ಒಬ್ಬರು ಕೂರುವುದರಿಂದ ಮೈ ಕಿರಿದು, ಎದುರಿನಿಂದ ಸಣ್ಣ ಗುರಿ. ಮೂತಿಯ 20 ಮಿ.ಮೀ. ಗನ್ ತಿರುಗುತ್ತದೆ, ಎಂಐ-17ರ ಹಾಗೆ ಇಡೀ ಹೆಲಿಕಾಪ್ಟರನ್ನು ಗುರಿಗೆ ಹಿಡಿದು ಕೂರಬೇಕಿಲ್ಲ. ಜೊತೆಗೆ 70 ಮಿ.ಮೀ. ರಾಕೆಟ್, ಗಾಳಿಯಲ್ಲಿರುವ ಗುರಿಗೆ ಮಿಸ್ಟ್ರಾಲ್ ಕ್ಷಿಪಣಿ. ಪರೀಕ್ಷೆಯಲ್ಲಿ ಸಿಯಾಚಿನ್‌ನ 4,700 ಮೀಟರ್ ಎತ್ತರದ ನೆಲೆಯಲ್ಲಿ 500 ಕಿಲೋ ಹೊತ್ತು ಇಳಿದಿತ್ತು.

ಆ 500 ಕಿಲೋವನ್ನು ಸರಿಯಾಗಿ ಗಮನಿಸಿ. ಪಣಂಬೂರಿನಲ್ಲಾದರೆ ಇನ್ನೂ ಎಷ್ಟೋ ಹೊರಬಹುದು. ಮೇಲೆ ಹೋದ ಹಾಗೆ ರಾಕೆಟ್ ಹೆಚ್ಚು ಬೇಕಾದರೆ ಇಂಧನ ಇಳಿಸಬೇಕು, ಇಂಧನ ಬೇಕಾದರೆ ರಾಕೆಟ್ ಇಳಿಸಬೇಕು. ಗುರಿಯ ಎತ್ತರ, ಆ ಹೊತ್ತಿನ ತಾಪಮಾನ, ವಾಪಸ್ ಬರುವ ದೂರ, ಈ ಮೂರನ್ನು ಇಟ್ಟುಕೊಂಡು ಪ್ರತಿ ಹಾರಾಟಕ್ಕೂ ಹೊಸದಾಗಿ ಲೆಕ್ಕ ಹಾಕುತ್ತಾರೆ. ನಸುಕಿನ ಚಳಿಯಲ್ಲಿ ಹೊತ್ತ ಭಾರವನ್ನು ಅದೇ ಜಾಗದಿಂದ ಮಧ್ಯಾಹ್ನ ಹೊತ್ತು ಏಳಲು ಆಗದೇ ಹೋಗಬಹುದು.