ಡಿಲನ್‌ನ ಆ ಗಂಭೀರ ಆಲ್ಬಮ್‌ಗೆ ಎಷ್ಟನೇ ಸ್ಥಾನ?

ನಮಸ್ಕಾರ ಕೇಳುಗರೇ. ನಮ್ಮ ಚಿಕ್ಕಮಗಳೂರಲ್ಲೂ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಕೇಳುವವರಿದ್ದಾರೆ. ನಾಲ್ಕು ಜನ ಸೇರಿದರೆ ಸಾಕು, ಯಾವ ಆಲ್ಬಮ್ ಮೇಲೆ, ಯಾವುದು ಕೆಳಗೆ ಅಂತ ವಾದ ಶುರು. ನನ್ನ ಪಟ್ಟಿಯ ಮೇಲಿನ ಮೂರನ್ನು ಬೇಗ ಹೇಳಿ ಮುಗಿಸುತ್ತೇನೆ. 1975ರ ಬ್ಲಡ್ ಆನ್ ದ ಟ್ರ್ಯಾಕ್ಸ್, 1965ರ ಹೈವೇ 61 ರೀವಿಸಿಟೆಡ್, 1963ರ ಫ್ರೀವೀಲಿಂಗ್. ಬ್ಲಾಂಡ್ ಆನ್ ಬ್ಲಾಂಡ್ ಎಲ್ಲಿ ಅಂತ ಬೈಯುವವರು ಬೈಯಲಿ, ಎರಡು ರೆಕಾರ್ಡ್ ತುಂಬಿಸಲು ಹಾಕಿದ ಹಾಡುಗಳೂ ಅದರಲ್ಲಿವೆ.

ನನಗೆ ತಲೆಕೆಡಿಸುವುದು ನಾಲ್ಕನೆಯದು, 1964ರ ಆರಂಭದಲ್ಲಿ ಬಂದ ದ ಟೈಮ್ಸ್ ದೇ ಆರ್ ಎ-ಚೇಂಜಿಂಗ್. ಆಗ ಅವನಿಗೆ 22 ವರ್ಷ. ಹತ್ತೂ ಹಾಡು ಅವನದೇ ರಚನೆ. ಗಿಟಾರ್, ಮೌತ್ ಆರ್ಗನ್, ಗಂಟಲು, ಅಷ್ಟೇ. ಕವರ್ ಮೇಲಿನ ಮುಖವೂ ಗಂಟು. ಹಿಂದಿನ ಆಲ್ಬಮ್‌ನಲ್ಲಿ ಮೂರನೇ ಮಹಾಯುದ್ಧವನ್ನೇ ತಮಾಷೆ ಮಾಡಿದವನು ಇಲ್ಲಿ ಒಂದು ಸಲವೂ ನಗಿಸುವುದಿಲ್ಲ. ಜಾಸ್ತಿ ಉಪದೇಶ ಆಯ್ತು ಅನ್ನುವವರ ದೂರು ಅರ್ಧ ನಿಜ. ಆಲ್ಬಮ್‌ಗೆ ಹೆಸರು ಕೊಟ್ಟ ಹಾಡನ್ನೇ ನೋಡಿ, ಯಾವ ಪಕ್ಷದವರು ಬೇಕಾದರೂ ತಮ್ಮ ಮೆರವಣಿಗೆಯಲ್ಲಿ ಹಾಕಿಕೊಳ್ಳಬಹುದು.

ಆದರೆ ಹ್ಯಾಟಿ ಕ್ಯಾರಲ್ ಹಾಡು ಬೇರೆ. 1963ರ ಫೆಬ್ರವರಿ, ಬಾಲ್ಟಿಮೋರ್‌ನ ಒಂದು ಹೋಟೆಲ್. ಪಾರ್ಟಿಯಲ್ಲಿ ಕೆಲಸಕ್ಕಿದ್ದ ಹ್ಯಾಟಿ ಕ್ಯಾರಲ್ ಅನ್ನುವ 51 ವರ್ಷದ ಕಪ್ಪು ಹೆಂಗಸಿಗೆ 24 ವರ್ಷದ ಶ್ರೀಮಂತ ಬಿಳಿಯನೊಬ್ಬ ಬೆತ್ತದಿಂದ ಹೊಡೆದ. ಮರುದಿನ ಬೆಳಗಾಗುವಷ್ಟರಲ್ಲಿ ಅವಳು ಸತ್ತಳು, ಅವನಿಗೆ ಆರು ತಿಂಗಳು ಜೈಲು. ಹಾಡಿನಲ್ಲಿ ಅವಳ ಬಣ್ಣದ ಮಾತೇ ಇಲ್ಲ. ತಟ್ಟೆ ಎತ್ತಿದಳು, ಮೇಜಿನ ಎಂಜಲು ತೆಗೆದಳು, ಕಸ ಹೊರಗೆ ಹಾಕಿದಳು ಅನ್ನುತ್ತಾನೆ. ಅಷ್ಟರಲ್ಲೇ ಅವಳು ಯಾರು ಅಂತ ಗೊತ್ತಾಗುತ್ತದೆ, ಅಲ್ವಾ? ಪ್ರತಿ ನುಡಿ ಮುಗಿದಾಗಲೂ ಇನ್ನೂ ಅಳಬೇಡಿ ಅನ್ನುತ್ತಾನೆ, ಕೊನೆಗೆ ಶಿಕ್ಷೆ ಎಷ್ಟು ಅಂತ ಹೇಳಿದ ಮೇಲೆ ಮಾತ್ರ ಈಗ ಅಳಿ ಅನ್ನುತ್ತಾನೆ. ಆ ಶಿಕ್ಷೆ ಕೊಟ್ಟಿದ್ದು 1963ರ ಆಗಸ್ಟ್ 28ರಂದು. ಅದೇ ದಿನ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ್ದು. ಅಲ್ಲೇ ಡಿಲನ್, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮೆಡ್ಗರ್ ಎವರ್ಸ್ ಕೊಲೆಯ ಹಾಡು ಹಾಡಿದ. ಅದೂ ಈ ಆಲ್ಬಮ್‌ನಲ್ಲಿದೆ. ಅದರಲ್ಲಿ ಕೊಂದವನ ಹೆಸರಿಲ್ಲ, ಅವನು ದೊಡ್ಡವರು ನಡೆಸುವ ಆಟದ ಕಾಯಿ ಅಷ್ಟೇ. ದೊಡ್ಡ ಗುಂಪಿನ ಎದುರು ಇದನ್ನು ಹಾಡಲು ಧೈರ್ಯ ಬೇಕು.

ಇನ್ನೊಂದು ನಾರ್ತ್ ಕಂಟ್ರಿ ಬ್ಲೂಸ್. ಡಿಲನ್ ಬೆಳೆದ ಹಿಬ್ಬಿಂಗ್ ಕಬ್ಬಿಣದ ಅದಿರಿನ ಊರು. ಅಂಥ ಊರಿನ ಹೆಂಗಸೊಬ್ಬಳು ಕಥೆ ಹೇಳುತ್ತಾಳೆ. ಅಪ್ಪ ಹೋದ, ಅಣ್ಣ ಹೋದ, ದಕ್ಷಿಣ ಅಮೆರಿಕದಲ್ಲಿ ಕೂಲಿ ಅಗ್ಗ ಅಂತ ಗಣಿ ಮುಚ್ಚಿತು, ಗಂಡನೂ ಬಿಟ್ಟು ಹೋದ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು. ಕಾರಣ ಬೇರೆ. ಇಲ್ಲಿ ಕಾಡು ಉಳಿಯಬೇಕಿತ್ತು, ಭದ್ರೆಗೆ ಹೂಳು ಸೇರುತ್ತಿತ್ತು, ನಿಲ್ಲಿಸಿದ್ದು ಸರಿ ಅಂತಲೇ ನನ್ನ ಲೆಕ್ಕ. ಆದರೂ ಅಲ್ಲಿನ ಖಾಲಿ ಕ್ವಾರ್ಟರ್ಸ್ ನೋಡಿದವರಿಗೆ, ಒಂದೊಂದೇ ಅಂಗಡಿ ಮುಚ್ಚುವ, ಮಕ್ಕಳು ಊರು ಬಿಡುವ ಆ ಕೊನೆಯ ನುಡಿ ಚೆನ್ನಾಗಿಯೇ ತಾಗುತ್ತದೆ.

ಸಿದ್ಧಲಿಂಗಯ್ಯನವರ ಹಾಡು ತಮಟೆ ಜೊತೆ ಶುರುವಾದರೆ ಬೀದಿಯೇ ದನಿಗೂಡಿಸುತ್ತದೆ. ಡಿಲನ್‌ನ ಈ ಹಾಡುಗಳಿಗೆ ದನಿಗೂಡಿಸಲು ಆಗುವುದಿಲ್ಲ, ಸುಮ್ನೆ ಕೂತು ಕೇಳಬೇಕು. ಹತ್ತರಲ್ಲಿ ಬಹುಪಾಲು ಹೀಗೇ ಕೂರಿಸಿದರೆ ಭಾರ. ನಡುವೆ ಬೂಟ್ಸ್ ಆಫ್ ಸ್ಪ್ಯಾನಿಷ್ ಲೆದರ್ ಅನ್ನುವ ಪ್ರೇಮದ ಹಾಡು ಬರುತ್ತದೋ, ಉಸಿರಾಡುತ್ತೇವೆ. ಅದಕ್ಕೇ ಈ ಆಲ್ಬಮ್‌ಗೆ ನಾಲ್ಕನೇ ಸ್ಥಾನ, ಅದಕ್ಕಿಂತ ಮೇಲೆ ಹತ್ತಿಸಲಾರೆ. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ಅನದರ್ ಸೈಡ್ ಆಲ್ಬಮ್‌ನಲ್ಲಿ ಅವನು ಮತ್ತೆ ನಕ್ಕ, ಆದರೆ ಹ್ಯಾಟಿಯಂಥ ಹಾಡು ಅದರಲ್ಲಿಲ್ಲ. ಅದು ನನ್ನ ಪಟ್ಟಿಯಲ್ಲಿ ಹತ್ತರ ಆಚೆ.